ಮಳೆಗಾಲದ ಕೌದಿ: ನಿಮ್ಮ ಮಿಷನ್ ಮೇಲೆ ಏನಿದೆ, ಡಬ್ಬಿಯಲ್ಲಿ ಏನಿದೆ?

ಕೌದಿಮನೆ, ಹೊಸನಗರ ಕಡೆ | ಜುಲೈ 9

ಪುನರ್ವಸು ಮಳೆ ಹಿಡಿದು ನಾಲ್ಕು ದಿನವಾಯ್ತು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಯೋಣ ಅಂದರೆ ಅರ್ಧ ದಿನವಾದರೂ ಹೊಳವಾಗಬೇಕು, ಅದೂ ಇಲ್ಲ. ಮನೆಯವರು ಜಗಲಿಯಲ್ಲಿ ಕೂತು ಆಕಾಶ ನೋಡುತ್ತಿದ್ದಾರೆ. ನಾನು ಅದೇ ಜಗಲಿಗೆ ಕಾಲ್ಮಿಷನ್ ಎಳೆದುಕೊಂಡು ಬಂದಿದ್ದೇನೆ. ಒಳಗೆ ಬೆಳಕಿಲ್ಲ, ಕರೆಂಟು ಹೋಗಿ ಎರಡು ದಿನ.

ಈಗ ಕೈಯಲ್ಲಿ ಮೂರು ಕೆಲಸ ಇದೆ. ಒಂದು, ತಂಗಿಯ ಮಗುವಿಗೆ ತೊಟ್ಟಿಲ ಕೌದಿ. 36 ಇಂಚು ಚೌಕ, ಹಳೇ ಪಂಚೆ ಮತ್ತು ನನ್ನ ಮಗಳ ಚಿಕ್ಕಂದಿನ ಫ್ರಾಕುಗಳು. ಅದು ಮುಗಿದ ಹಾಗೇ, ಅಂಚು ಮಾತ್ರ ಬಾಕಿ. ಎರಡು, ಜೀನ್ಸ್ ಪ್ಯಾಂಟಿನ ತುಂಡುಗಳಿಂದ ಜಗಲಿಗೆ ಹಾಸು. ಅದು ಹೋದ ವರ್ಷದಿಂದ ಚೀಲದಲ್ಲೇ ಇದೆ, ಈ ವರ್ಷವೂ ಅಲ್ಲೇ ಇರುತ್ತದೆ ಅನಿಸುತ್ತದೆ.

ಮೂರನೆಯದೇ ಮುಖ್ಯ. ಅತ್ತೆ ಹೋಗಿ ವರ್ಷ ತುಂಬಿತು. ಅವರ ಟ್ರಂಕಿನಲ್ಲಿ ಆರು ಹತ್ತಿ ಸೀರೆ ಇದ್ದವು, ಮನೆಯಲ್ಲಿ ಉಡುವಂಥವು. ಉಡೋಕೆ ನನಗೆ ಮನಸ್ಸಿಲ್ಲ, ಕೊಡೋಕೂ ಮನಸ್ಸಿಲ್ಲ. ಕೌದಿ ಮಾಡಿಬಿಡೋಣ ಅಂದುಕೊಂಡೆ. ಮೇಲಿನ ಪದರಕ್ಕೆ ಸಣ್ಣ ಸಣ್ಣ ಚೌಕಗಳ ಜೋಡಣೆ ಮಾಡಬೇಕು ಅಂತಿದೆ. ಅಳತೆ 60 ಇಂಚು ಅಗಲ, 90 ಇಂಚು ಉದ್ದ. ಆರೂ ಸೀರೆ ಹಾಕಲೇಬೇಕಾ? ಒಳಗೆ ಹತ್ತಿ ಶೀಟ್, ಅಂದರೆ ಹಾಳೆ ಹಾಗೆ ಒತ್ತಿದ ಹತ್ತಿ, ಹಾಕಬೇಕಾ, ಬರೀ ಸೀರೆ ಸಾಕಾ? ಕೈಯಲ್ಲಿ ಹೊಲಿಯಲಾ, ಮಿಷನ್ನಿನಲ್ಲಾ?

ಜೊತೆಗೆ ನಿಮ್ಮ ಹೊಲಿಗೆ ಡಬ್ಬಿಯಲ್ಲಿ ಬಿಟ್ಟಿರಲಾಗದ ಸಾಮಾನು ಯಾವುದು ಅಂತಲೂ ಬರೆಯಿರಿ. ನನ್ನದು ದೊಡ್ಡ ಕತ್ತರಿ. ಬಟ್ಟೆಗೆ ಬಿಟ್ಟು ಬೇರೆ ಯಾವುದಕ್ಕೂ ಮುಟ್ಟಬೇಡಿ ಅಂತ ಹಿಡಿಗೆ ಕೆಂಪು ದಾರ ಕಟ್ಟಿದ್ದೇನೆ. ಆದರೂ ಮೊನ್ನೆ ಮಗ ಅದರಲ್ಲೇ ಮೈಲುತುತ್ತದ ಪ್ಯಾಕೆಟ್ ಕತ್ತರಿಸಿದ. ಅವನಿಗೆ ಮಾಡಿದ ಮಂಗಳಾರತಿ ಇಲ್ಲಿ ಬರೆಯುವ ಹಾಗಿಲ್ಲ.

ತುಂಡುಬಟ್ಟೆ, ಸಾಗರ | ಜುಲೈ 9

ಅಕ್ಕಾ, ನಾನು ಹೊಸಬಳು. ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡುತ್ತಿದ್ದೇನೆ, ಸಂಜೆ ಹೊಲಿಗೆ. ವಿಡಿಯೋ ನೋಡಿ ಕಲಿತವಳು. ಹಾಗಾಗಿ ನನ್ನ ಡಬ್ಬಿಯಲ್ಲಿ ವಿಡಿಯೋದವರ ಸಾಮಾನೇ ಜಾಸ್ತಿ: ರೋಟರಿ ಕಟರ್, ಕಟಿಂಗ್ ಮ್ಯಾಟ್, 24 ಇಂಚಿನ ಪಾರದರ್ಶಕ ಸ್ಕೇಲು.

ಕಟರ್ ಅಂದರೆ ಪಿಜ್ಜಾ ಕತ್ತರಿಸುವ ಚಕ್ರದಂಥದ್ದು. ಜಪಾನಿನ ಓಲ್ಫಾದವರು 1979ರಲ್ಲಿ ಮೊದಲು ಮಾಡಿದ್ದಂತೆ. ನನ್ನದು 45 ಮಿಲಿಮೀಟರಿನದು. ನಾಲ್ಕು ಪದರ ಸೀರೆ ಒಟ್ಟಿಗೆ ಕತ್ತರಿಸುತ್ತದೆ, ಚೌಕಗಳೆಲ್ಲ ಒಂದೇ ಅಳತೆ ಬರುತ್ತವೆ. ಕತ್ತರಿಯಲ್ಲಿ ನನಗೆ ಒಂದು ಚೌಕವೂ ನೆಟ್ಟಗೆ ಬಂದದ್ದಿಲ್ಲ.

ಮ್ಯಾಟಿನ ಕತೆ ಕೇಳಬೇಡಿ. ಒದ್ದೆಯಾಗಿತ್ತು ಅಂತ ಬಚ್ಚಲ ಒಲೆ ಪಕ್ಕ ಒರಗಿಸಿಟ್ಟೆ. ಬೆಳಿಗ್ಗೆ ನೋಡಿದರೆ ಹಪ್ಪಳ! ನಾಲ್ಕೂ ಮೂಲೆ ಮೇಲೆ ಎದ್ದಿದ್ದವು. ಎರಡು ವಾರ ಅಕ್ಕಿ ಚೀಲದ ಕೆಳಗೆ ಇಟ್ಟೆ, ಪೂರ್ತಿ ಸರಿ ಹೋಗಲಿಲ್ಲ.

ಈಗ ಮಾಡುತ್ತಿರುವುದು ಲಾಗ್ ಕ್ಯಾಬಿನ್ ಅನ್ನೋ ಮಾದರಿ. ನಡುವೆ ಸಣ್ಣ ಚೌಕ, ಸುತ್ತ ಪಟ್ಟಿ ಮೇಲೆ ಪಟ್ಟಿ. ಅಮ್ಮ ನೋಡಿ "ಇದೇನೇ, ರಂಗೋಲಿಗೆ ಗೋಡೆ ಕಟ್ಟಿದ ಹಾಗಿದೆ" ಅಂದಳು.

ಕಾಲ್ಮಿಷನ್, ತೀರ್ಥಹಳ್ಳಿ | ಜುಲೈ 10

ನಾನು ಟೈಲರ್. 40 ವರ್ಷ ಅಂಗಡಿ ನಡೆಸಿ ಈಗ ಮನೆಯಲ್ಲಿದ್ದೇನೆ. ಶರ್ಟು ಪ್ಯಾಂಟು ಸಾಕಾಯ್ತು, ಮೊಮ್ಮಕ್ಕಳಿಗೆ ಕೌದಿ ಹೊಲಿಯುತ್ತೇನೆ. ಗಂಡಸು ಕೌದಿ ಹೊಲಿಯೋದಾ ಅಂತ ಕೇಳಬೇಡಿ ಮಾರಾಯ್ರೆ, ಆ ಪ್ರಶ್ನೆಗೆ ಮನೆಯಲ್ಲೇ ಉತ್ತರ ಹೇಳಿ ಸುಸ್ತಾಗಿದೆ.

ಹೊಸನಗರದ ಅಮ್ಮನವರಿಗೆ ಮೊದಲು ಸೀರೆ ಲೆಕ್ಕ. ಸೀರೆ ಸುಮಾರು ಐದೂವರೆ ಮೀಟರ್ ಉದ್ದ, 45 ಇಂಚು ಪನ್ನ. ಉದ್ದದಿಂದ 60 ಇಂಚಿನ ತುಂಡು ಮೂರು ಬರುತ್ತವೆ. ಎರಡು ತುಂಡನ್ನು ಅಂಚಿಗೆ ಅಂಚು ಸೇರಿಸಿದರೆ 60ಕ್ಕೆ 90, ಅಂದರೆ ಒಂದು ಪದರ. ಜೋಡಣೆಗೆ ಇಂಚು ಅರ್ಧ ಇಂಚು ಹೋಗುತ್ತದೆ, ಹೋಗಲಿ. ಹಾಗೆ ಎರಡು ಸೀರೆಯಲ್ಲಿ ಮೂರು ಪದರ. ನಾಲ್ಕು ಸೀರೆಯಲ್ಲಿ ಆರು ಪದರ, ಅದು ಮಲೆನಾಡಿನ ಚಳಿಗೂ ಸಾಕು. ಆರೂ ಸೀರೆ ಪದರಕ್ಕೆ ಹಾಕಿದರೆ ಒಂಬತ್ತಾಗುತ್ತದೆ, ಸೂಜಿ ಇಳಿಯಲ್ಲ. ಉಳಿದ ಎರಡು ಸೀರೆಯನ್ನು ಚೌಕ ಕತ್ತರಿಸಲು ಇಟ್ಟುಕೊಳ್ಳಿ. ಪ್ರತಿ ಸೀರೆಯಲ್ಲೂ ಒಂದು ಗಜದಷ್ಟು ಮಿಗುತ್ತದಲ್ಲ, ಅದರ ಅಂಚನ್ನು ಬಿಚ್ಚಿ ಕೌದಿಯ ಸುತ್ತ ಪಟ್ಟಿ ಕೊಡಿ. ಸೀರೆ ಅಂಚಿನಷ್ಟು ಗಟ್ಟಿ ಪಟ್ಟಿ ಅಂಗಡಿಯಲ್ಲಿ ಸಿಗೋದಿಲ್ಲ.

ಕತ್ತರಿಸುವ ಮೊದಲು ಪ್ರತಿ ಸೀರೆಯನ್ನೂ ಬಾಗಿಲ ಬೆಳಕಿಗೆ ಹಿಡಿದು ನೋಡಿ. ಜರಡಿ ಹಾಗೆ ಕಂಡ ಕಡೆ ಬಿಟ್ಟುಬಿಡಿ. ಕೂತು ಕೂತು ಸವೆದ ಜಾಗ ಒಂದೇ ಕಡೆ ಇರುತ್ತದೆ, ನೋಡಿದರೆ ಗೊತ್ತಾಗುತ್ತದೆ.

ನನ್ನ ಇಷ್ಟದ ಸಾಮಾನು? ಸೋಪು. ಸ್ನಾನಕ್ಕೆ ಹಚ್ಚಿ ಹಚ್ಚಿ ತೆಳ್ಳಗಾದ ಚೂರು. ಗಾಢ ಬಣ್ಣದ ಬಟ್ಟೆ ಮೇಲೆ ಗೆರೆ ಚೆನ್ನಾಗಿ ಕಾಣುತ್ತದೆ, ಒಗೆದರೆ ಹೋಗುತ್ತದೆ. ಕಾಸಿಲ್ಲ, ಖರ್ಚಿಲ್ಲ.

ಗಾಂಧಿಬಜಾರ್ ಗಿರಾಕಿ, ಶಿವಮೊಗ್ಗ | ಜುಲೈ 10

ಸೋಪಿನ ಚೂರಿಗೆ ನನ್ನದೂ ಒಂದು ಓಟು.

ನಾನು ಬಿಸಿಗೆ ಅಳಿಸಿಹೋಗುವ ಪೆನ್ನನ್ನೂ ಬಳಸುತ್ತೇನೆ, ಇಸ್ತ್ರಿ ಪೆಟ್ಟಿಗೆ ಆಡಿಸಿದರೆ ಗೆರೆ ಮಾಯ. ಆದರೆ ನಿಜಕ್ಕೂ ಮಾಯವಾಗಲ್ಲ. ಸೊನ್ನೆಗಿಂತ ಕೆಳಗಿನ ಚಳಿ ತಗುಲಿದರೆ ವಾಪಸ್ ಬರುತ್ತದೆ. ನಂಬದೆ ಒಂದು ತುಂಡನ್ನು ಫ್ರಿಜ್ಜಿನ ಐಸ್ ಪೆಟ್ಟಿಗೆಯಲ್ಲಿಟ್ಟೆ, ಗೆರೆ ಎದ್ದು ಕೂತಿತ್ತು. ಆಗುಂಬೆಯಲ್ಲೂ ಅಷ್ಟು ಚಳಿ ಬೀಳಲ್ಲ, ಹೆದರಬೇಡಿ. ವಿದೇಶಕ್ಕೆ ಕಳಿಸುವ ಕೌದಿಗೆ ಮಾತ್ರ ಬೇಡ.

ಬಯಲುಸೀಮೆ ಸೊಸೆ, ಕೊಪ್ಪ | ಜುಲೈ 10

ನನ್ನ ತವರು ಗದಗ ಕಡೆ. ಅಲ್ಲಿ ಕೌದಿ ಇಲ್ಲದ ಮನೆ ಇಲ್ಲ. ಮದುವೆಯಾಗಿ ಬಂದಾಗ ನಾಲ್ಕು ಕೌದಿ ತಂದಿದ್ದೆ, ಇಲ್ಲಿ ಎಲ್ಲರ ಹೆಗಲ ಮೇಲೂ ಕಂಬಳಿ! ಮೊದಲ ಮಳೆಗಾಲಕ್ಕೇ ನನ್ನ ಕೌದಿಗಳಿಗೆ ಬೂಷ್ಟು ಹಿಡಿಯಿತು. ಅಳುವೇ ಬಂದಿತ್ತು.

ಒಳಗೆ ಹತ್ತಿ ಶೀಟು ಬೇಡ್ರೀ ಅಕ್ಕಾರ. ಕೌದಿಗೆ ಸೀರೆ ಮೇಲೆ ಸೀರೆಯೇ ಸರಿ. ಕೈಹೊಲಿಗೆಯೇ ಸರಿ. ನಮ್ಮವ್ವ ನೆಲದ ಮೇಲೆ ಕೌದಿ ಹಾಸಿ, ಅದರ ಮೇಲೇ ಕೂತು, ಅಂಚಿನಿಂದ ಸುರು ಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಿದ್ದಳು. ಸಾಲಿಗೂ ಸಾಲಿಗೂ ಒಂದು ಬೆರಳು ಅಂತರ. ಮುಗಿಸುವ ಮುಂಚೆ ಕೊನೇ ಮೂಲೆಯಲ್ಲಿ ಒಂದು ಚೂರು ಹೋಳಿಗೆ ಇಟ್ಟು ಹೊಲಿಯುತ್ತಿದ್ದಳು. ಹಸಿದ ಕೌದಿ ಹೊದೆಯಬಾರದಂತೆ. ಇಲ್ಲಿ ನಾನು ಹಾಗೆ ಇಟ್ಟೆ, ಇರುವೆ ಬಂದು ಕೌದಿಯನ್ನೇ ಊರು ಮಾಡಿಕೊಂಡವು. ಅವತ್ತಿಂದ ಬಿಟ್ಟೆ.

ತುಂಡುಬಟ್ಟೆ, ಸಾಗರ | ಜುಲೈ 11

ಕೈಹೊಲಿಗೆಯೇ ಸರಿ ಅಂದರೆ ನಾನು ಒಪ್ಪಲ್ಲ ಅಕ್ಕಾ. 60ಕ್ಕೆ 90ರ ಕೌದಿಗೆ ಕೈಯಲ್ಲಿ ತಿಂಗಳುಗಟ್ಟಲೆ ಬೇಕು. ಮಿಷನ್ನಿನಲ್ಲಿ ಬಟ್ಟೆ ಒತ್ತಿ ಹಿಡಿಯುವ ಪಾದದ ಜಾಗಕ್ಕೆ ವಾಕಿಂಗ್ ಫೂಟ್ ಹಾಕಿದರೆ ವಾರದಲ್ಲಿ ಮುಗಿಯುತ್ತದೆ. ಬರೀ ಕೆಳಗಿನ ಹಲ್ಲು ಬಟ್ಟೆ ಎಳೆದರೆ ಮೇಲಿನ ಪದರ ಹಿಂದೆ ಉಳಿದು ನೆರಿಗೆ ಬೀಳುತ್ತದೆ. ಈ ಫೂಟಿಗೆ ಮೇಲೂ ಹಲ್ಲು ಇದೆ, ಎರಡೂ ಕಡೆ ಒಟ್ಟಿಗೆ ಎಳೆಯುತ್ತದೆ. ಕೌದಿಗೆ ಹೇಳಿ ಮಾಡಿಸಿದ ಹಾಗಿದೆ.

ಕಾಲ್ಮಿಷನ್, ತೀರ್ಥಹಳ್ಳಿ | ಜುಲೈ 11

ಮಗಳೇ, ನೀನು ಹೇಳಿದ್ದು ಸರಿ. ಹಳೇ ಕಪ್ಪು ಕಾಲ್ಮಿಷನ್ನಿಗೂ ಅದು ಕೂರುತ್ತದೆ, ಗಿಡ್ಡ ಕಾಲಿನದು ಅಂತ ಕೇಳಿ ತಗೋಬೇಕು. ಅದರ ಕೈ ಸೂಜಿ ಬಿಗಿಯುವ ಸ್ಕ್ರೂ ಮೇಲೆ ಬರುವ ಹಾಗೆ ಕೂರಿಸಬೇಕು, ಇಲ್ಲದಿದ್ದರೆ ಮೇಲಿನ ಹಲ್ಲು ಆಡೋದೇ ಇಲ್ಲ.

ಅದು ಇಲ್ಲದವರು ಮೂರು ಕೆಲಸ ಮಾಡಿ. ಮಿಷನ್ ತಲೆ ಮೇಲಿನ ಒತ್ತಡದ ತಿರುಪನ್ನು ಸ್ವಲ್ಪ ಸಡಿಲ ಬಿಡಿ. ಹೊಲಿಗೆ ಉದ್ದ ಮಾಡಿ, ಮೂರು ಮೂರೂವರೆ ಮಿಲಿಮೀಟರ್ ಇರಲಿ. ಸೂಜಿ ಬದಲಿಸಿ, ಬ್ಲೌಸಿಗೆ ಹಾಕಿದ 14ನೇ ನಂಬರಿನಲ್ಲಿ ಆರು ಪದರ ಹೊಲಿಯಬೇಡಿ. 16 ಹಾಕಿ, ಅಂಚು ಸೇರುವ ದಪ್ಪ ಜಾಗಕ್ಕೆ 18. ಎಂಟು ಗಂಟೆ ಹೊಲಿದ ಮೇಲೆ ಸೂಜಿ ಎಸೆಯಿರಿ. ಮೊಂಡು ಸೂಜಿ ಹಳೇ ಸೀರೆಯ ಎಳೆ ಹರಿಯುತ್ತದೆ.

ಎಲ್ಲಕ್ಕಿಂತ ಮೊದಲು ಕಚ್ಚಾ ಹೊಲಿಗೆ. ನಡುವಿನಿಂದ ಅಂಚಿಗೆ, ಗೇಣಿಗೊಂದು ಸಾಲು. ಆರು ಪದರ ಒಂದಕ್ಕೊಂದು ಅಂಟಿ ಕೂರಬೇಕು. ಇದನ್ನು ಬಿಟ್ಟವರು ಆಮೇಲೆ ನನ್ನ ಹತ್ತಿರ ಬಿಚ್ಚಿಸೋಕೆ ಬರುತ್ತಿದ್ದರು.

ಕೌದಿಮನೆ, ಹೊಸನಗರ ಕಡೆ | ಜುಲೈ 13

ಕರೆಂಟು ಬಂತು, ಹೋಯ್ತು, ಬಂತು. ಮಧ್ಯದಲ್ಲಿ ಬರೆಯುತ್ತಿದ್ದೇನೆ.

ಟೈಲರ್ ಅಣ್ಣನವರ ಲೆಕ್ಕದ ಹಾಗೆ ನಾಲ್ಕು ಸೀರೆ ಪದರಕ್ಕೆ, ಎರಡು ಚೌಕಕ್ಕೆ ತೆಗೆದಿಟ್ಟೆ. ಚೌಕ ಮೂರೂವರೆ ಇಂಚು. ಕಾಲಿಂಚು ಒಳಗೆ ಹೊಲಿದರೆ ಮೂರು ಇಂಚು ಉಳಿಯಬೇಕು. ಹಾಗೆ 20 ಚೌಕದ ಸಾಲು ಮಾಡಿದೆ. ಎರಡು ತುದಿಯ ಕಾಲಿಂಚು ಬಿಟ್ಟು 60 ಇಂಚು ಬರಬೇಕಿತ್ತು, 58 ಚಿಲ್ಲರೆ ಬಂತು! ಎಲ್ಲಿ ಹೋಯ್ತು ಒಂದೂವರೆ ಇಂಚು?

ತುಂಡುಬಟ್ಟೆ, ಸಾಗರ | ಜುಲೈ 13

ಹೊಲಿಗೆಯೊಳಗೆ ಹೋಗಿದೆ ಅಕ್ಕಾ. 20 ಚೌಕಕ್ಕೆ 19 ಜೋಡಣೆ. ಒಂದೊಂದರಲ್ಲಿ ನೀವು ಒಂದೇ ಒಂದು ಮಿಲಿಮೀಟರ್ ಜಾಸ್ತಿ ಹಿಡಿದರೆ ಎರಡು ಬದಿಗೆ ಎರಡು. 19ಕ್ಕೆ 38 ಮಿಲಿಮೀಟರ್. ನಿಮ್ಮ ಒಂದೂವರೆ ಇಂಚು ಅದೇ. ಫೂಟಿನ ಅಂಚು ಕಾಲಿಂಚು ಅಂದುಕೊಳ್ಳಬೇಡಿ. ಸೂಜಿಯಿಂದ ಸ್ಕೇಲಿನಲ್ಲಿ ಅಳೆದು, ಮಿಷನ್ ತಟ್ಟೆಗೆ ಬಣ್ಣದ ಟೇಪು ಅಂಟಿಸಿ. ಬಟ್ಟೆಯ ಅಂಚು ಟೇಪಿಗೆ ತಾಗಿ ಓಡಲಿ.

ಎಲ್ಲ ಸಾಲುಗಳೂ ಅಷ್ಟೇ ಕಡಿಮೆ ಇದ್ದರೆ ಬಿಚ್ಚಬೇಡಿ. ಕೌದಿ ಒಂದೂವರೆ ಇಂಚು ಚಿಕ್ಕದಾದರೆ ಯಾರ ಕಾಲೂ ಹೊರಗೆ ಬರಲ್ಲ.

ಗಾಂಧಿಬಜಾರ್ ಗಿರಾಕಿ, ಶಿವಮೊಗ್ಗ | ಜುಲೈ 14

ಬಣ್ಣ ಬಿಡುತ್ತದಾ ಅಂತ ನೋಡಿದಿರಾ? ನನ್ನ ಕತೆ ಹೇಳುತ್ತೇನೆ. ಕೆಂಪಂಚಿನ ಒಂದು ಹೊಸ ಬಟ್ಟೆ ಒಗೆಯದೆ ಸೇರಿಸಿದೆ. ಮೊದಲ ಒಗೆತಕ್ಕೆ ಬಿಳಿ ಚೌಕಗಳೆಲ್ಲ ಹೊಸ ಮದುಮಗಳ ಕೆನ್ನೆ! ಈಗ ಏನೇ ತಂದರೂ ಮೂಲೆ ಒದ್ದೆ ಮಾಡಿ, ಬಿಳಿ ಬಟ್ಟೆ ಮೇಲಿಟ್ಟು ಇಸ್ತ್ರಿ ಒತ್ತಿ ನೋಡುತ್ತೇನೆ. ಉಪ್ಪು ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅನ್ನುವವರ ಮಾತು ಕೇಳಿ ಕೆಟ್ಟವಳು ನಾನು. ಅತ್ತೆಯವರ ಸೀರೆ ಹತ್ತಾರು ವರ್ಷ ಒಗೆದದ್ದಾದರೆ ಚಿಂತೆ ಇಲ್ಲ, ಬಿಡಬೇಕಾದದ್ದೆಲ್ಲ ಬಿಟ್ಟಾಗಿರುತ್ತದೆ.

ಹೆಗ್ಗೋಡಿನ ಚರಕ ಸಂಸ್ಥೆಯ ಕೈಮಗ್ಗದ ಬಟ್ಟೆ ತುಂಡುಗಳೂ ನನ್ನ ಹತ್ತಿರ ಇವೆ. ಅಡಿಕೆ ಬೇಯಿಸಿದ ಚೊಗರಿನ ಬಣ್ಣ ಹಾಕಿದ್ದು, ಕಾಫಿಗೂ ಇಟ್ಟಿಗೆಗೂ ನಡುವಿನ ಬಣ್ಣ. ಅದನ್ನು ಕತ್ತರಿಸೋಕೆ ಧೈರ್ಯ ಬಂದಿಲ್ಲ. ಮೂರು ವರ್ಷದಿಂದ ಮಡಿಸಿ ಮಡಿಸಿ ನೋಡುತ್ತೇನೆ ಅಷ್ಟೆ.

ಯಲ್ಲಾಪುರ ದಾರಿ | ಜುಲೈ 14

ಸುಮ್ನೆ ಓದುತ್ತಿದ್ದೆ, ಒಂದು ಮಾತು ಸೇರಿಸುತ್ತೇನೆ. ನಮ್ಮ ಕಡೆ, ಯಲ್ಲಾಪುರ ಹಳಿಯಾಳ ಮುಂಡಗೋಡಿನ ಕಾಡಂಚಿನ ಊರುಗಳಲ್ಲಿ, ಸಿದ್ದಿ ಹೆಂಗಸರು ಮಾಡುವ ಕೌದಿ ನೋಡಬೇಕು ನೀವು. ಅವರು ಅದಕ್ಕೆ ಕವಂದ್ ಅನ್ನುತ್ತಾರೆ. ಚೌಕಕ್ಕೆ ಚೌಕ ಹೊಂದಬೇಕು ಅನ್ನುವ ಹಠ ಇಲ್ಲ. ಸಿಕ್ಕ ತುಂಡನ್ನು ಸಿಕ್ಕ ಆಕಾರದಲ್ಲಿ, ಅಂಚಿನಿಂದ ಒಳಕ್ಕೆ ಇಡುತ್ತ, ಹೊಲಿಯುತ್ತ ಬರುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ಮಡಿಸಿದ ತ್ರಿಕೋನ ತುಂಡುಗಳ ಹೂವು. ಫೂಲ ಅಂತ ಅದರ ಹೆಸರು. ಫೂಲ ಇಲ್ಲದ ಕವಂದ್ ಬಟ್ಟೆ ಇಲ್ಲದ ಮೈ ಇದ್ದ ಹಾಗೆ ಅನ್ನುತ್ತಾರೆ.

ಮಿಲಿಮೀಟರ್ ಲೆಕ್ಕ ಓದಿ ಅದು ನೆನಪಾಯ್ತು. ಬೈಯಬೇಡಿ.

ತುಂಡುಬಟ್ಟೆ, ಸಾಗರ | ಜುಲೈ 14

ಬೈಯಲ್ಲ. ನನ್ನ ಲಾಗ್ ಕ್ಯಾಬಿನ್ನಿಗೂ ಮೂಲೆ ಹೂವು ಇಡುತ್ತೇನೆ ಈಗ.

ಬಯಲುಸೀಮೆ ಸೊಸೆ, ಕೊಪ್ಪ | ಜುಲೈ 16

ಈ ತೇವಕ್ಕೆ ಸೂಜಿ ಹೇಗೆ ಇಡುತ್ತೀರಿ ಹೇಳಿ. ಪ್ಯಾಕೆಟ್ ಬಿಚ್ಚಿ ಹದಿನೈದು ದಿನಕ್ಕೆ ತುಕ್ಕು. ತುಕ್ಕಿನ ಸೂಜಿ ಬಟ್ಟೆಯಲ್ಲಿ ಕಿರ್ ಅನ್ನುತ್ತದೆ, ಹಲ್ಲು ಜುಂ ಅನ್ನುತ್ತದೆ.

ಕೌದಿಮನೆ, ಹೊಸನಗರ ಕಡೆ | ಜುಲೈ 16

ನಮ್ಮ ಮನೆಯಲ್ಲಿ ಕಂಬಳಿ ತುಂಡು. ಹರಿದ ಕಂಬಳಿಯಿಂದ ಅಂಗೈಯಗಲ ಕತ್ತರಿಸಿ, ಎರಡು ಹನಿ ಮಿಷನ್ ಎಣ್ಣೆ ಬಿಟ್ಟು, ಅದಕ್ಕೇ ಸೂಜಿ ಚುಚ್ಚಿ ಡಬ್ಬಿಯಲ್ಲಿಡುತ್ತೇನೆ. ಬಳಸುವ ಮುಂಚೆ ತುಂಡು ಬಟ್ಟೆಯಲ್ಲಿ ಎರಡು ಸಲ ಚುಚ್ಚಿ ತೆಗೆಯಬೇಕು, ಇಲ್ಲದಿದ್ದರೆ ಎಣ್ಣೆ ಕಲೆ. ಕುರಿ ಉಣ್ಣೆಗೆ ತನ್ನದೇ ಜಿಡ್ಡೂ ಸ್ವಲ್ಪ ಇರುತ್ತದೆ. ಇದು ಅತ್ತೆ ಕಲಿಸಿದ್ದು. ಅವರಂತೂ ಕೈಯಲ್ಲಿದ್ದ ಸೂಜಿಯನ್ನು ಸೆರಗಿನ ಮೂಲೆಗೆ ಚುಚ್ಚಿಕೊಂಡೇ ಅಡಿಗೆಮನೆಗೆ ಹೋಗುತ್ತಿದ್ದರು. ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ.

ಎಣ್ಣೆ ಅಂದೆನಲ್ಲ, ನನ್ನ ದಡ್ಡತನವೂ ಕೇಳಿ. ಒಂದು ಸಲ ಮಿಷನ್ ಎಣ್ಣೆ ಮುಗಿದಿತ್ತು. ಕೊಬ್ಬರಿ ಎಣ್ಣೆ ಬಿಟ್ಟೆ. ಅವತ್ತು ಬೆಣ್ಣೆ ಹಾಗೆ ಓಡಿತು. ಡಿಸೆಂಬರಿನ ಬೆಳಿಗ್ಗೆ ಕೂತರೆ ಚಕ್ರ ಅಲ್ಲಾಡಲ್ಲ! ಒಳಗೆಲ್ಲ ಎಣ್ಣೆ ಹೆಪ್ಪುಗಟ್ಟಿ ಕೂತಿತ್ತು.

ಕಾಲ್ಮಿಷನ್, ತೀರ್ಥಹಳ್ಳಿ | ಜುಲೈ 16

ಕೊಬ್ಬರಿ ಎಣ್ಣೆ 24 ಡಿಗ್ರಿ ಹತ್ತಿರಕ್ಕೇ ಗಟ್ಟಿಯಾಗುತ್ತದೆ. ನಮ್ಮ ಕಡೆ ಚಳಿಗಾಲ ಬೇಡ, ಜುಲೈಯೇ ಸಾಕು. ಹಾಗಾದಾಗ ಜೋರಾಗಿ ತುಳಿಯಬೇಡಿ. ಎಣ್ಣೆ ತೂತುಗಳಿಗೆ ಸ್ವಲ್ಪ ಸೀಮೆಎಣ್ಣೆ ಬಿಟ್ಟು, ಮೆಲ್ಲಗೆ ಚಕ್ರ ಆಡಿಸಿ, ಬಟ್ಟೆಯಲ್ಲಿ ಒರೆಸಿ. ಕಪ್ಪು ಮಡ್ಡಿ ಪೂರ್ತಿ ಬರುವ ತನಕ ಎರಡು ಮೂರು ಸಲ. ಹತ್ತಿರ ದೀಪ, ಒಲೆ ಇರಬಾರದು. ಆಮೇಲೆ ತಿಳಿ ಮಿಷನ್ ಎಣ್ಣೆ.

ಇನ್ನೊಂದು. ಮಳೆಗಾಲದಲ್ಲಿ ತೊಗಲಿನ ಬೆಲ್ಟ್ ಸಡಿಲಾಗಿ ಜಾರುತ್ತದೆ. ಹೊಸದು ತರಬೇಡಿ. ಕೊಕ್ಕೆ ಬಿಚ್ಚಿ, ಅರ್ಧ ಇಂಚು ಕತ್ತರಿಸಿ, ಮತ್ತೆ ತೂತು ಹಾಕಿ ಕೊಕ್ಕೆ ಸಿಕ್ಕಿಸಿ.

ಗಾಂಧಿಬಜಾರ್ ಗಿರಾಕಿ, ಶಿವಮೊಗ್ಗ | ಜುಲೈ 17

ಇಷ್ಟು ಮಾತಾಡಿದಿರಿ, ಒಗೆಯೋದನ್ನು ಯಾರೂ ಹೇಳಲಿಲ್ಲ. ಆರು ಪದರದ ಹತ್ತಿ ಕೌದಿ ಒದ್ದೆಯಾದರೆ ಇಬ್ಬರು ಹೊರಬೇಕು. ನಿಮ್ಮ ಊರಲ್ಲಿ ದೀಪಾವಳಿವರೆಗೂ ಒಣಗಲ್ಲ. ಅದಕ್ಕೇ ನಾನು ಎರಡು ಪದರ ಸೀರೆ ನಡುವೆ ತೆಳು ಪಾಲಿಯೆಸ್ಟರ್ ಶೀಟು ಹಾಕುತ್ತೇನೆ. ಬೇಗ ಒಣಗುತ್ತದೆ, ಹಗುರ. ಹತ್ತಿಯಷ್ಟು ಮೈಗೆ ಹಿತವಲ್ಲ, ಒಪ್ಪುತ್ತೇನೆ.

ಬಯಲುಸೀಮೆ ಸೊಸೆ, ಕೊಪ್ಪ | ಜುಲೈ 17

ಪಾಲಿಯೆಸ್ಟರ್ ಹಾಕಿದ ಮೇಲೆ ಅದನ್ನು ಕೌದಿ ಅನ್ನಬ್ಯಾಡ್ರಿ, ರಗ್ಗು ಅನ್ನಿ.

ಗಾಂಧಿಬಜಾರ್ ಗಿರಾಕಿ, ಶಿವಮೊಗ್ಗ | ಜುಲೈ 17

ಸರಿ, ರಗ್ಗು. ಆದರೆ ಒಣಗಿದ ರಗ್ಗು.

ಕೌದಿಮನೆ, ಹೊಸನಗರ ಕಡೆ | ಜುಲೈ 26

ಪುಷ್ಯ ಮಳೆ ಜೋರಾಗಿದೆ. ಕೌದಿ ಮುಕ್ಕಾಲು ಆಯ್ತು. ಶೀಟು ಹಾಕಲಿಲ್ಲ, ಬರೀ ಸೀರೆ. ಚೌಕಗಳನ್ನು ಮಿಷನ್ನಿನಲ್ಲಿ ಸೇರಿಸಿದೆ, ಪದರ ಹೊಲಿಯೋದು ಕೈಯಲ್ಲೇ. ಮಿಷನ್ನಿನ ತೋಳಿನ ಕೆಳಗೆ ಅಷ್ಟು ಬಟ್ಟೆ ಸುತ್ತಿ ತೂರಿಸೋಕೆ ಆಗಲಿಲ್ಲ, ಅದೇ ನಿಜವಾದ ಕಾರಣ. ರಾತ್ರಿ ಮನೆಯವರ ತಲೆಗೆ ಕಟ್ಟುವ ಬ್ಯಾಟರಿ ಹಾಕಿಕೊಂಡು ಕೂರುತ್ತೇನೆ. ಎರಡೂ ಕೈ ಬಿಡುವು, ಬೆಳಕು ಸರಿಯಾಗಿ ಸೂಜಿ ತುದಿಗೆ. ನನ್ನ ಇಷ್ಟದ ಸಾಮಾನು ಕತ್ತರಿ ಅಂದಿದ್ದೆನಲ್ಲ, ಈಗ ಈ ಬ್ಯಾಟರಿ.

ಆದರೆ ಒಂದು ಯಡವಟ್ಟಾಗಿದೆ. ಕಂಬಳಿ ತುಂಡಿನಲ್ಲಿ ಒಂಬತ್ತು ಸೂಜಿ ಇದ್ದವು. ಇವತ್ತು ಎಂಟಿವೆ. ಕೌದಿಯೊಳಗೆ ಹೋಗಿದ್ದರೆ ಏನು ಗತಿ? ಮಕ್ಕಳು ಮಲಗುವ ಹೊದಿಕೆ.

ಕಾಲ್ಮಿಷನ್, ತೀರ್ಥಹಳ್ಳಿ | ಜುಲೈ 26

ಇನ್ನು ಒಂದು ಹೊಲಿಗೆಯೂ ಹಾಕಬೇಡಿ. ಮನೆಯಲ್ಲಿ ಕೆಟ್ಟ ರೇಡಿಯೋ ಇದೆಯಾ? ಅದರ ಸ್ಪೀಕರಿನ ಅಯಸ್ಕಾಂತ ಬಿಚ್ಚಿ. ಮೊದಲು ನೆಲದ ಮೇಲೆ, ಚಾಪೆ ಮೇಲೆ ಆಡಿಸಿ. ಆಮೇಲೆ ಕೌದಿಯನ್ನು ಹಾಸಿ, ಗೇಣು ಗೇಣಾಗಿ ಮೆಲ್ಲಗೆ ಎಳೆಯಿರಿ. ಸೂಜಿ ಇದ್ದರೆ ಕೈಗೆ ಗೊತ್ತಾಗುತ್ತದೆ.

ಕೌದಿಮನೆ, ಹೊಸನಗರ ಕಡೆ | ಜುಲೈ 27

ಸಿಕ್ಕಿತು. ಒಂದಲ್ಲ, ಎರಡು.

ಕಳೆದ ಸೂಜಿ ಜಗಲಿಯ ಹಲಗೆ ಸಂದಿಯಲ್ಲಿತ್ತು. ಅಲ್ಲಿಗೆ ನಿಲ್ಲಿಸಬಹುದಿತ್ತು, ಆದರೂ ಇರಲಿ ಅಂತ ಕೌದಿ ಮೇಲೆ ಆಡಿಸಿದೆ. ಬಲಗಡೆ ಮೂಲೆಗೆ ಬಂದಾಗ ಬಟ್ಟೆ ಎದ್ದು ಬಂದು ಅಯಸ್ಕಾಂತಕ್ಕೆ ಅಂಟಿತು. ಬಿಚ್ಚಿ ನೋಡಿದರೆ ಮೂರನೇ ಪದರ, ಹಸಿರು ಸೀರೆಯ ಸೆರಗಿನ ಮಡಿಕೆ. ಒಳಗೆ ಒಂದು ದಪ್ಪ ಸೂಜಿ, ಇಷ್ಟುದ್ದ ಕರೀ ದಾರದ ಸಮೇತ. ನನ್ನದಲ್ಲ. ಈ ವರ್ಷ ನಾನು ಕರೀ ದಾರ ಮುಟ್ಟೇ ಇಲ್ಲ.

ತುಕ್ಕು ಹಿಡಿದು ಬಟ್ಟೆಗೆ ಕಚ್ಚಿಕೊಂಡಿದೆ. ಎಳೆಯೋಕೆ ಕೈ ಬರುತ್ತಿಲ್ಲ.

ಕಾಲ್ಮಿಷನ್, ತೀರ್ಥಹಳ್ಳಿ | ಜುಲೈ 27

ಎಳೆಯಬೇಡಿ ಅಮ್ಮಾ, ಎಳೆ ಹರಿಯುತ್ತದೆ. ಒಂದು ಹನಿ ಮಿಷನ್ ಎಣ್ಣೆ ಬಿಟ್ಟು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಇಕ್ಕಳದಲ್ಲಿ ಹಿಡಿದು, ತಿರುಗಿಸುತ್ತ ತಿರುಗಿಸುತ್ತ ತೆಗೆಯಿರಿ. ತುಕ್ಕಿನ ಕಲೆಗೆ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗಿಡಿ. ಮೊದಲು ಒಂದು ಮೂಲೆಯಲ್ಲಿ ಹಚ್ಚಿ ಬಣ್ಣ ಹೋಗುತ್ತದಾ ನೋಡಿಕೊಳ್ಳಿ.

ಕೌದಿಮನೆ, ಹೊಸನಗರ ಕಡೆ | ಜುಲೈ 28

ಬಂತು. ದಾರದ ಸಮೇತ ಕಂಬಳಿ ತುಂಡಿಗೆ ಚುಚ್ಚಿಟ್ಟಿದ್ದೇನೆ. ಈಗ ಲೆಕ್ಕ ಹತ್ತು.

ನಿಂಬೆಹಣ್ಣಿದೆ, ಉಪ್ಪಿದೆ. ಬಿಸಿಲಿಗೆ ಯಾರ ಮನೆಗೆ ಹೋಗಲಿ ಅಣ್ಣಾ?

ಬಯಲುಸೀಮೆ ಸೊಸೆ, ಕೊಪ್ಪ | ಜುಲೈ 28

ನಮ್ಮವ್ವನ ಮನೆಗೆ ಕಳಿಸ್ರಿ. ಒಣಗಿಸಿ, ಹೋಳಿಗೆ ಇಟ್ಟು ಹೊಲಿದೇ ವಾಪಸ್ ಕಳಿಸುತ್ತಾಳೆ.